ಡಬ್ಬಿಯ ತಳದ ದಪ್ಪ ಮಣಿಗೆ ಒಂದು ದಾರಿ: ಉಳಿಕೆ ಮಣಿಯಿಂದಲೇ ಸರ, ಬ್ರೇಸ್ಲೆಟ್, ಓಲೆ ಮಾಡುವ ಸಮಗ್ರ ಮಾರ್ಗದರ್ಶಿ

ಮಣಿ ಪೋಣಿಸುವ ಹವ್ಯಾಸ ಇರುವವರ ಹತ್ತಿರ ಒಂದು ಡಬ್ಬಿ ಇದ್ದೇ ಇರುತ್ತದೆ, ಅಲ್ವಾ? ಅದರಲ್ಲಿ ಏನಿದೆ ಅಂತ ಮುಚ್ಚಳ ತೆಗೆಯದೆಯೇ ಹೇಳಬಹುದು. ಜೋಡಿ ಕಳೆದುಕೊಂಡ ದೊಡ್ಡ ಗಾಜಿನ ಗುಂಡು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ರೆಸಿನ್ ಮಣಿ. ಹಳೇ ಸರ ಕಿತ್ತುಹೋದಾಗ ಎತ್ತಿಟ್ಟ ಮರದ ಮಣಿಗಳು. ನೋಡಿದಾಗ ಇಷ್ಟವಾಗಿ ತಂದು, ಆಮೇಲೆ ಯಾವುದರ ಜೊತೆಗೂ ಹೊಂದದೆ ಕೂತ ಚುಕ್ಕಿ ಚುಕ್ಕಿ ಮಣಿ. ಬಿಸಾಕಲು ಮನಸ್ಸಿಲ್ಲ, ಬಳಸಲು ದಾರಿ ಕಾಣುವುದಿಲ್ಲ.

ಸಾಮಾನ್ಯವಾಗಿ ನಾವು ಸರ ಹೀಗಿರಬೇಕು ಅಂತ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು, ಆಮೇಲೆ ಆ ಮಣಿಯನ್ನು ಅದರೊಳಗೆ ತೂರಿಸಲು ನೋಡುತ್ತೇವೆ. ಅಲ್ಲೇ ಎಡವಟ್ಟಾಗುವುದು. ಇಲ್ಲಿ ಉಲ್ಟಾ ಹೋಗೋಣ. ಮೊದಲು ಮಣಿ. ಅದು ಡಬ್ಬಿಯಲ್ಲೇ ಉಳಿದದ್ದು ಯಾಕೆ ಅಂತ ಪತ್ತೆ ಮಾಡುವುದು. ಆ ಕಾರಣಕ್ಕೆ ತಕ್ಕ ಒಡವೆ ಯಾವುದು ಅಂತ ಆಮೇಲೆ ಯೋಚಿಸುವುದು.

ಹಂತ 1: ಉಳಿದದ್ದು ಯಾಕೆ?

ಡಬ್ಬಿಯನ್ನು ಒಂದು ಬೂದು ಅಥವಾ ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಬಟ್ಟೆ ಸ್ವಲ್ಪ ದಪ್ಪ ಇರಲಿ, ಮಣಿ ಉರುಳಬಾರದು. ಹೂವಿನ ಚಿತ್ತಾರದ ಬಟ್ಟೆ ಬೇಡ, ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಒಂದೊಂದೇ ಮಣಿ ಎತ್ತಿಕೊಂಡು ಅದರ ತಕರಾರು ಏನು ಅಂತ ನೋಡಿ. ಒಂದು ವಿಪರೀತ ಭಾರ. ಇನ್ನೊಂದರ ತೂತು ತೀರಾ ದೊಡ್ಡದು, ಅಥವಾ ಸೂಜಿಯೂ ಹೋಗದಷ್ಟು ಸಣ್ಣದು. ಮತ್ತೊಂದರ ಬಣ್ಣ ಜೋರು. ಕೆಲವಕ್ಕೆ ಆಕಾರವೇ ಅಡ್ಡಿ: ಉದ್ದ ಕೊಳವೆ, ಚಪ್ಪಟೆ ಬಿಲ್ಲೆ, ಓರೆಯಾಗಿ ತೂತು ಹಾಕಿದ ಹರಳು. ಕೆಲವು ಬರೀ ಒಂಟಿ ಅಂತಲೇ ಮೂಲೆ ಸೇರಿರುತ್ತವೆ.

ಒಂದು ಮಣಿಗೆ ಎರಡು ಮೂರು ತಕರಾರು ಇರಬಹುದು. ಮುಖ್ಯವಾದದ್ದನ್ನು ಹಿಡಿಯಿರಿ. ಭಾರದ ಮಣಿಗೆ ಬಣ್ಣ ಹೊಂದಿಸುತ್ತಾ ಕೂತರೆ ಏನೂ ಬಗೆಹರಿಯುವುದಿಲ್ಲ. ಎಷ್ಟೇ ಚೆನ್ನಾಗಿ ಹೊಂದಿಸಿದರೂ ಅದನ್ನು ಯಾರೂ ಹತ್ತು ನಿಮಿಷಕ್ಕಿಂತ ಜಾಸ್ತಿ ಹಾಕಿಕೊಳ್ಳುವುದಿಲ್ಲ.

ವಿನ್ಯಾಸಕ್ಕೆ ಇಳಿಯುವ ಮುಂಚೆ ಎರಡು ಪರೀಕ್ಷೆ ಮಾಡಿಬಿಡಿ. ಮೊದಲನೆಯದು ಬಣ್ಣ ಬಿಡುತ್ತದೆಯೇ ಅನ್ನುವುದು. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಮಣಿಯನ್ನು ಚೆನ್ನಾಗಿ ಉಜ್ಜಿ. ಗಾಜಿನ ಮಣಿಯಾದರೆ ಹತ್ತಿಗೆ ಉಗುರುಬಣ್ಣ ತೆಗೆಯುವ ದ್ರವ ಹಚ್ಚಿ ತೂತಿನ ಹತ್ತಿರ, ಕಣ್ಣಿಗೆ ಬೀಳದ ಕಡೆ ಉಜ್ಜಬಹುದು. ಮೇಲ್ಮೈಗೆ ಬಣ್ಣ ಹಚ್ಚಿದ್ದಾದರೆ ಹತ್ತಿಗೆ ಬರುತ್ತದೆ. ಪ್ಲಾಸ್ಟಿಕ್, ಅಕ್ರಿಲಿಕ್, ರೆಸಿನ್ ಮೇಲೆ ಮಾತ್ರ ಆ ದ್ರವ ಬೇಡವೇ ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಮೇಲ್ಮೈ ಕರಗಿ ಮಂಕಾಗುತ್ತದೆ. ಬಣ್ಣ ಬಿಡುವ ಮಣಿಯನ್ನು ಮೈಗೆ ತಾಗುವ ಬ್ರೇಸ್ಲೆಟ್‌ಗೆ ಹಾಕಬೇಡಿ, ಬೆವರು ಬಟ್ಟೆಗೆಲ್ಲ ಬಣ್ಣ ಹತ್ತಿಸುತ್ತದೆ. ಎರಡನೆಯದು ತೂತಿನ ಅಂಚು. ಬೆರಳಿನ ಬದಲು ಒಂದು ತುಂಡು ನೂಲನ್ನು ತೂತಿನೊಳಗೆ ಹಾಕಿ ಹಿಂದೆ ಮುಂದೆ ಎಳೆಯಿರಿ. ನೂಲು ಜುಂಗು ಜುಂಗಾದರೆ ಅಂಚು ಚೂಪಾಗಿದೆ ಅಂತ ಅರ್ಥ. ಇದಕ್ಕೆ ಮದ್ದು ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ, ಬಣ್ಣ ಸುಲಿಯುತ್ತಿರುವ ಹಳೆಯ ಮಣಿಯನ್ನು ಮಕ್ಕಳ ಒಡವೆಗೆ ಬಳಸಬೇಡಿ. ಹಳೆಯ ಬಣ್ಣ, ಲೋಹಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ.

ಹಂತ 2: ತೂಕ ನೋಡಿ ಒಡವೆ ನಿರ್ಧರಿಸಿ

ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಮಣಿಯ ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಇದು ಕೈಯಲ್ಲಿ ಹಿಡಿದಾಗ ಅಷ್ಟಾಗಿ ಗೊತ್ತಾಗುವುದಿಲ್ಲ. 10 ಮಿ.ಮೀ. ಗಾಜಿನ ಗುಂಡು ಹೆಚ್ಚು ಕಡಿಮೆ 1.3 ಗ್ರಾಂ ತೂಗುತ್ತದೆ. ಅದೇ 20 ಮಿ.ಮೀ. ಗುಂಡು 10 ಗ್ರಾಂ ದಾಟುತ್ತದೆ. ಅದೇ ಗಾತ್ರದ ಅಕ್ರಿಲಿಕ್ ಮಣಿ 5 ಗ್ರಾಂ ಆಸುಪಾಸು, ಮರದ್ದಾದರೆ ಇನ್ನೂ ಅರ್ಧ. ಅಂದರೆ 20 ಮಿ.ಮೀ. ಗಾಜಿನ ಮಣಿ ಹದಿನೈದು ಪೋಣಿಸಿದರೆ ಕುತ್ತಿಗೆಗೆ 150 ಗ್ರಾಂಗಿಂತ ಜಾಸ್ತಿ ಭಾರ. ಮರದ್ದೇ ಹದಿನೈದು ಹಾಕಿದರೆ 40 ಗ್ರಾಂ ಕೂಡ ಆಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ. ಕಿವಿಗೆ ಒಂದು ಬದಿಗೆ 7–8 ಗ್ರಾಂ ದಾಟಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಅದಕ್ಕಿಂತ ಭಾರದ ಮಣಿ ಸರಕ್ಕೆ ಹೋಗಲಿ. ಸರದಲ್ಲಿ ಭಾರದ ಮಣಿ ಒಂದೋ ಮೂರೋ ಇದ್ದರೆ ಸಾಕು. ಮಿಕ್ಕ ಜಾಗಕ್ಕೆ ಮರ, ಅಕ್ರಿಲಿಕ್, ಸಣ್ಣ ಮಣಿ ತುಂಬಿ, ಇಲ್ಲವೇ ಕತ್ತಿನ ಹಿಂಭಾಗಕ್ಕೆ ಚೈನ್ ಹಾಕಿಬಿಡಿ. ಹಿಂಭಾಗ ಹೇಗೂ ಕೂದಲಲ್ಲೋ ಕಾಲರಿನಲ್ಲೋ ಮುಚ್ಚಿಹೋಗುತ್ತದೆ. ಅಲ್ಲಿ ಒಳ್ಳೆ ಮಣಿ ಹಾಕಿ ಯಾರಿಗೆ ತೋರಿಸಬೇಕು?

25 ಗ್ರಾಂ ಮೀರಿದ ಒಂದೇ ಮಣಿ ಇದ್ದರೆ ಅದನ್ನು ಮೈಮೇಲೆ ಹೊರುವ ಹಟ ಬಿಡುವುದು ವಾಸಿ. ಬ್ಯಾಗಿನ ಜಿಪ್‌ಗೆ, ಕೀ ಗೊಂಚಲಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಹಂತ 3: ಬಣ್ಣ. ಇಲ್ಲಿ ಆತುರ ಬೇಡ

ಹೆಚ್ಚಿನ ದಪ್ಪ ಮಣಿಗಳು ಡಬ್ಬಿಯಲ್ಲೇ ಉಳಿಯುವುದು ಬಣ್ಣದ ದೆಸೆಯಿಂದ. ಜೋರು ಬಣ್ಣದ ಮಣಿಗೆ ಅದರ ಅಷ್ಟೇ ಜೋರಿನ ಜೊತೆಗಾರರನ್ನು ಹುಡುಕುತ್ತೇವೆ. ಇಬ್ಬರು ವಾಚಾಳಿಗಳನ್ನು ಅಕ್ಕಪಕ್ಕ ಕೂರಿಸಿದ ಹಾಗಾಗುತ್ತದೆ, ಯಾರ ಮಾತೂ ಕೇಳಿಸುವುದಿಲ್ಲ.

ಒಂದು ಮಣಿಯನ್ನೇ ಹತ್ತಿರದಿಂದ ನೋಡೋಣ. 22 ಮಿ.ಮೀ. ಗಾಜಿನ ಗುಂಡು ಅಂದುಕೊಳ್ಳಿ. ಮೈಯೆಲ್ಲ ಸಾಸಿವೆ ಹಳದಿ. ಅದರ ಮೇಲೆ ಉಬ್ಬಿಕೊಂಡ ಹಸಿರು ನೀಲಿ ಚುಕ್ಕಿಗಳು, ಬೆರಳಾಡಿಸಿದರೆ ತಡೆಯುತ್ತವೆ. ಎರಡು ಚುಕ್ಕಿಗಳ ನಡುವೆ ಅಲ್ಲಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಒಂದು ಕಡುಗೆಂಪು ಗೆರೆ. ಗೆರೆ ಮೊದಲ ನೋಟಕ್ಕೆ ಕಾಣುವುದೇ ಇಲ್ಲ. ಬೆಳಕಿಗೆ ಹಿಡಿದು ತಿರುಗಿಸಿದರೆ ಕಾಣುತ್ತದೆ.

ಇದರ ಪಕ್ಕ ಏನು ಹಾಕುತ್ತೀರಿ? ಥಟ್ಟನೆ ಹೊಳೆಯುವುದು ಹಸಿರು ನೀಲಿ. ಹಾಕಿ ನೋಡಿ. ಸರದ ತುಂಬ ಆ ಬಣ್ಣ ಬಂದುಬಿಟ್ಟಿತು, ಮಣಿಯ ಚುಕ್ಕಿಗಳು ಅದರಲ್ಲಿ ಕರಗಿಹೋದವು. ಸರಿ, ಹಳದಿ ಹಾಕೋಣ. ಈಗ ಮಣಿಯ ಮೈಯೇ ಮಾಯ, ಚುಕ್ಕಿಗಳು ಮಾತ್ರ ತೇಲುತ್ತಿವೆ. ಈಗ ಆ ಕೂದಲೆಳೆ ಗೆರೆಯ ಕಡುಗೆಂಪು ತೆಗೆದುಕೊಳ್ಳಿ. ಹೊಳಪಿಲ್ಲದ, ಮಂದ ಕಡುಗೆಂಪು ಮಣಿಗಳನ್ನು ಎರಡೂ ಬದಿಗೆ ಇಡಿ. ಹಳದಿ ಎದ್ದು ಬಂತು. ಚುಕ್ಕಿಗಳು ಹಾಗೇ ಉಳಿದವು. ಮೊದಲು ಕಾಣದಿದ್ದ ಗೆರೆಯೂ ಈಗ ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ಕಣ್ಣು ಅದೇ ಬಣ್ಣವನ್ನು ಪಕ್ಕದಲ್ಲಿ ಆಗಲೇ ನೋಡಿರುತ್ತದೆ.

ಹಲವು ಬಣ್ಣದ ಮಣಿ ಕೈಗೆ ಬಂದಾಗಲೆಲ್ಲ ನಾನು ಹೇಳುವುದು ಇದನ್ನೇ. ಜೊತೆಯ ಬಣ್ಣವನ್ನು ಮಣಿಯಲ್ಲಿ ತೀರಾ ಕಡಿಮೆ ಇರುವ ಬಣ್ಣದಿಂದ ಆರಿಸಿ. ಜಾಸ್ತಿ ಇರುವ ಬಣ್ಣಗಳನ್ನು ಅಲ್ಲೊಂದು ಇಲ್ಲೊಂದು ಚಿಟಿಕೆಯಷ್ಟು ತನ್ನಿ. ಹಾಗೆ ತಂದರೆ ಆ ಮಣಿ ಸರಕ್ಕೆ ಹೊರಗಿನದು ಅನ್ನಿಸುವುದಿಲ್ಲ.

ಒಂದೇ ಬಣ್ಣದ ಮಣಿಯಾದರೆ? ಪಳಪಳ ಹೊಳೆಯುವ ಕಿತ್ತಳೆ ರೆಸಿನ್ ಅಂತಿಟ್ಟುಕೊಳ್ಳಿ. ಬಣ್ಣದ ಚಕ್ರದಲ್ಲಿ ಕಿತ್ತಳೆಯ ಎದುರು ನೀಲಿ ಇದೆ, ಕೆಂಪಿನ ಎದುರು ಹಸಿರು, ಹಳದಿಯ ಎದುರು ನೇರಳೆ. ಎದುರು ಬಣ್ಣ ಇಟ್ಟರೆ ಎರಡೂ ಇನ್ನಷ್ಟು ಜೋರಾಗುತ್ತವೆ. ಆ ಜೋರು ಬೇಕಿದ್ದರೆ ಸರಿ. ಬೇಡವಾದರೆ ಎದುರು ಬಣ್ಣವನ್ನು ಮಂಕಾಗಿಸಿ ಬಳಸಿ. ತಿಳಿ ನೀಲಿಯ ಬದಲು ಬೂದು ಬೆರೆತ ಕಡುನೀಲಿ. ಅಥವಾ ಪಕ್ಕದ ಬಣ್ಣಗಳಿಗೇ ಹೋಗಿ: ಇಟ್ಟಿಗೆ ಕೆಂಪು, ಕಂದು, ಜೇನಿನ ಬಣ್ಣ. ಕಿತ್ತಳೆ ಒಮ್ಮೆಲೇ ಸೌಮ್ಯವಾಗುತ್ತದೆ.

ಕಪ್ಪು ಬಿಳುಪಿನ ಬಗ್ಗೆ ನನ್ನದೊಂದು ತಕರಾರಿದೆ. ಯಾವುದಕ್ಕೂ ಹೊಂದದಿದ್ದರೆ ಕಪ್ಪು ಹಾಕಿ ಅನ್ನುವುದು ಎಲ್ಲರ ಸಲಹೆ. ಕಪ್ಪು ಎಲ್ಲಕ್ಕೂ ಹೊಂದುತ್ತದೆ, ನಿಜ. ಆದರೆ ತಿಳಿ ಬಣ್ಣದ ಮಣಿಯ ಪಕ್ಕ ಕಡುಗಪ್ಪು ಹಾಕಿದರೆ ಕಣ್ಣು ಹೋಗುವುದು ಕಪ್ಪಿನ ಕಡೆಗೇ. ಬೂದು, ಕಡುಗಂದು, ಮಾಸಿದ ಹಿತ್ತಾಳೆ ಬಣ್ಣ ಅದಕ್ಕಿಂತ ಸುಮ್ನೆ ಇರುತ್ತವೆ.

ಮೇಲ್ಮೈಯನ್ನೂ ಮರೆಯಬೇಡಿ. ಹೊಳೆಯುವ ಮಣಿಯ ಪಕ್ಕ ಮಂದ ಮೇಲ್ಮೈ, ಮಂದ ಮಣಿಯ ಪಕ್ಕ ಸ್ವಲ್ಪ ಹೊಳಪು. ಬಣ್ಣ ಬದಲಾಯಿಸದೆ ಇಷ್ಟೇ ಮಾಡಿದರೂ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ.

ಜೋಡಿಸಿಟ್ಟ ಮಣಿಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ. ಎಲ್ಲ ಮಣಿಗಳೂ ಒಂದೇ ಬೂದು ಬಣ್ಣವಾಗಿ ಕಂಡರೆ, ಬಣ್ಣ ಬೇರೆ ಬೇರೆ ಇದ್ದರೂ ಕಡು ತಿಳಿ ಅನ್ನುವ ವ್ಯತ್ಯಾಸ ಇಲ್ಲ ಅಂತ ಅರ್ಥ. ದೂರದಿಂದ ಆ ಸರ ಮುದ್ದೆಯಾಗಿ ಕಾಣುತ್ತದೆ. ನಡುವಿನ ಮಣಿ ಬೂದಿನಲ್ಲೂ ಬೇರೆಯಾಗಿ ಎದ್ದು ಕಂಡರೆ ನಿಶ್ಚಿಂತೆ.

ಹಂತ 4: ಜೋಡಿಸಿ ನೋಡುವುದು

ಗೀರುಗಳಿರುವ ಮಣಿ ಹಲಗೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಟವೆಲ್ ಮಡಿಸಿ ಎರಡು ಮಡಿಕೆಗಳ ನಡುವೆ ಕಾಲುವೆ ಮಾಡಿಕೊಳ್ಳಿ. ದಾರಕ್ಕೆ ಏರಿಸುವ ಮುಂಚೆ ಇಡೀ ಸರ ಅಲ್ಲೇ ಸಿದ್ಧವಾಗಬೇಕು.

ದೊಡ್ಡ ಮಣಿಯಿಂದ ಒಮ್ಮೆಗೇ ಸಣ್ಣ ಮಣಿಗೆ ಹಾರಿದರೆ ಅದು ಸರದಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ. ಗಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ. ನಮ್ಮ ಸಾಸಿವೆ ಹಳದಿ ಗುಂಡಿಗೆ ಪೂರ್ತಿ ಲೆಕ್ಕ ಹಾಕೋಣ. ಸರದ ಉದ್ದ 46 ಸೆಂ.ಮೀ. ಇರಲಿ, ಕೊರಳ ಎಲುಬಿನ ಆಸುಪಾಸು ಕೂರುತ್ತದೆ. ನಡುವೆ ಗುಂಡು. ಅದರ ಎರಡೂ ಬದಿಗೆ 1 ಮಿ.ಮೀ. ದಪ್ಪದ ಒಂದೊಂದು ಚಪ್ಪಟೆ ಹಿತ್ತಾಳೆ ಬಿಲ್ಲೆ. ಅಲ್ಲಿಂದ ಪ್ರತಿ ಬದಿಗೆ 8 ಮಿ.ಮೀ. ಕಡುಗೆಂಪು ಮರದ ಮಣಿ ಮೂರು, 4 ಮಿ.ಮೀ. ಹಸಿರು ನೀಲಿ ಮಣಿ ಒಂದು, 6 ಮಿ.ಮೀ. ಕಡುಗೆಂಪು ಮೂರು, ಆಮೇಲೆ 4 ಮಿ.ಮೀ. ಕಡುಗೆಂಪು ಹತ್ತು. ಒಂದು ಬದಿ 87 ಮಿ.ಮೀ. ಆಯಿತು. ಎರಡೂ ಬದಿ ಮತ್ತು ಗುಂಡು ಸೇರಿ ಸುಮಾರು 20 ಸೆಂ.ಮೀ. ಮಿಕ್ಕ 26 ಸೆಂ.ಮೀ.ನಲ್ಲಿ ಎರಡೂ ಬದಿಗೆ ತಲಾ 12 ಸೆಂ.ಮೀ. ಚೈನ್, ಲಾಕ್ ಮತ್ತು ರಿಂಗುಗಳಿಗೆ 2 ಸೆಂ.ಮೀ. ಗುಂಡಿನ ತೂಕ ಸುಮಾರು 14 ಗ್ರಾಂ. ಮಿಕ್ಕ ಮಣಿಗಳು ಸೇರಿದರೂ ಆರಾಮಾಗಿ ಹಾಕಿಕೊಳ್ಳಬಹುದು.

ಹಸಿರು ನೀಲಿ ಬದಿಗೆ ಒಂದೇ ಒಂದು ಬಂದದ್ದನ್ನು ಗಮನಿಸಿದಿರಾ? ಗುಂಡಿನ ಮೇಲಿನ ಚುಕ್ಕಿ, ಎಡಕ್ಕೊಂದು, ಬಲಕ್ಕೊಂದು. ಮೂರು ಕಡೆ ಕಾಣಿಸಿದ ಬಣ್ಣ ಬೇಕೆಂದೇ ಇಟ್ಟದ್ದು ಅನ್ನಿಸುತ್ತದೆ. ಒಂದೇ ಕಡೆ ಇದ್ದರೆ ಕೈತಪ್ಪಿ ಬಿದ್ದ ಹಾಗಿರುತ್ತದೆ.

ಚಪ್ಪಟೆ ಬಿಲ್ಲೆಯಂಥ ಮಣಿ, ಉದ್ದ ಕೊಳವೆ ಮಣಿಗಳ ಕಥೆ ಬೇರೆ. ಇವು ಬಾಗುವುದಿಲ್ಲ. 30 ಮಿ.ಮೀ. ಕೊಳವೆಗಳನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಸರ ಮೂಲೆ ಮೂಲೆಯಾಗಿ ನಿಲ್ಲುತ್ತದೆ. ನಡುನಡುವೆ 4 ಮಿ.ಮೀ. ಗುಂಡು ಮಣಿ ಹಾಕಿ, ಅದೇ ಕೀಲಿನ ಕೆಲಸ ಮಾಡುತ್ತದೆ. ಒಂದೇ ಕೊಳವೆ ಇದ್ದರೆ ಅದನ್ನು ನಿಲ್ಲಿಸಿ ಪದಕವಾಗಿ ತೂಗುಹಾಕುವುದು ಇನ್ನೂ ಚೆಂದ.

ದೊಡ್ಡ ಮಣಿಯನ್ನು ನಡುವಿನಿಂದ ಸರಿಸಿ ಒಂದು ಪಕ್ಕಕ್ಕೆ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಹಲಗೆಯ ಮೇಲೆ ಅದು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಕೊರಳಿಗೆ ಹಾಕಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಭಾರದ ಮಣಿ ಜಾರಿಕೊಂಡು ನಡುವಿಗೆ ಬಂದು ಕೂರುತ್ತದೆ, ಹಿಂದಿನ ಲಾಕ್ ಕುತ್ತಿಗೆಯ ಪಕ್ಕಕ್ಕೆ ಬರುತ್ತದೆ. ಇದನ್ನು ತಡೆಯಲು ಎದುರು ಬದಿಗೂ ಭಾರ ಬೇಕು. ನೋಡಲು ಬೇರೆ, ತೂಕಕ್ಕೆ ಹತ್ತಿರ. ಬಲಕ್ಕೆ 14 ಗ್ರಾಂ ಗುಂಡಿದ್ದರೆ ಎಡಕ್ಕೆ ಅದೇ ಎತ್ತರದಲ್ಲಿ ಸಣ್ಣ ಗಾಜಿನ ಮಣಿಗಳ ಸಾಲು, ಒಟ್ಟು 12–14 ಗ್ರಾಂ. ತಕ್ಕಡಿ ಮತ್ತೆ ಕೆಲಸಕ್ಕೆ ಬಂತು. ಪಕ್ಕಕ್ಕೆ ಸರಿಸುವುದಾದರೆ ನಡುವಿನಿಂದ 6–8 ಸೆಂ.ಮೀ. ದೂರ ಇಡಿ. ಬರೀ 2 ಸೆಂ.ಮೀ. ಸರಿಸಿದರೆ ನೋಡಿದವರು ಸರ ತಿರುಗಿಕೊಂಡಿದೆ ಅಂತ ಸರಿಮಾಡಲು ಬರುತ್ತಾರೆ!

ಎಲ್ಲ ಜೋರು ಮಣಿಗಳನ್ನೂ ಒಂದೇ ಸರಕ್ಕೆ ಹಾಕಬೇಕೆಂದರೆ

ಹಾಕಬಹುದು. ಇದು ನನಗೆ ಬಹಳ ಇಷ್ಟದ ದಾರಿ. ಆದರೆ ಒಂದು ಷರತ್ತು. ಎಲ್ಲ ಬೇರೆ ಬೇರೆ ಇದ್ದಾಗ ಒಂದು ಸಂಗತಿ ಮಾತ್ರ ಕೊನೇವರೆಗೂ ಒಂದೇ ಇರಬೇಕು. ಪ್ರತಿ ದೊಡ್ಡ ಮಣಿಯ ನಡುವೆ ಒಂದೇ ತರಹದ ಸ್ಪೇಸರ್, ಅಂದರೆ ನಡುವೆ ಅಂತರ ಕೊಡುವ ಸಣ್ಣ ಮಣಿ, ಹಾಕಿ. 4 ಮಿ.ಮೀ. ಕಡುಗಂದು ಗುಂಡು ಇರಬಹುದು, ಹಿತ್ತಾಳೆ ಬಣ್ಣದ ಬಿಲ್ಲೆ ಇರಬಹುದು. ಅದು ಎಲ್ಲೂ ತಪ್ಪಬಾರದು. ಒಂದು ಕಡೆ ಮುಗಿದುಹೋಯಿತು ಅಂತ ಬೇರೆ ಹಾಕಿದರೆ ಕಟ್ಟು ಬಿಚ್ಚಿಹೋಗುತ್ತದೆ. ಮೊದಲೇ ಎಣಿಸಿಟ್ಟುಕೊಳ್ಳಿ. ದೊಡ್ಡ ಮಣಿ ಹದಿನೇಳಿದ್ದರೆ ಎರಡು ತುದಿ ಸೇರಿ ಸ್ಪೇಸರ್ ಹದಿನೆಂಟು ಬೇಕು.

ಜೋಡಿಸುವಾಗ ದೊಡ್ಡ ಎರಡು ಅಕ್ಕಪಕ್ಕ ಬೇಡ. ಅತಿ ಜೋರು ಬಣ್ಣಗಳನ್ನು ಸರದ ಉದ್ದಕ್ಕೂ ಹರಡಿ. ಆಮೇಲೆ ಕಣ್ಣು ಅರೆಮುಚ್ಚಿ ನೋಡಿ. ಎಲ್ಲಿ ಕಣ್ಣು ನಿಲ್ಲುತ್ತದೋ ಅಲ್ಲಿ ಒಂದು ಮಣಿ ಬದಲಾಯಿಸಿ. ಇಂಥ ಸರಕ್ಕೆ 70 ಸೆಂ.ಮೀ.ಗಿಂತ ಜಾಸ್ತಿ ಉದ್ದ ಒಪ್ಪುತ್ತದೆ. ತಲೆಯ ಮೇಲಿಂದ ಹಾಕಿಕೊಳ್ಳಬಹುದು, ಲಾಕ್ ಬೇಕಿಲ್ಲ, ತಿರುಗಿದರೂ ತಲೆನೋವಿಲ್ಲ. ಒಟ್ಟು ತೂಕ ಮಾತ್ರ ನೋಡಿಕೊಳ್ಳಿ.

ಹಂತ 5: ತೂತಿನ ರಿಪೇರಿ

ತೂತು ದೊಡ್ಡದಿದ್ದರೆ ಮಣಿ ತಂತಿಯ ಮೇಲೆ ಓರೆಯಾಗಿ ಜೋತಾಡುತ್ತದೆ. ತೂತಿನೊಳಗೆ ಸಣ್ಣ ಮಣಿಗಳನ್ನು ತುಂಬಿಬಿಡಿ. ಸೀಡ್ ಬೀಡ್ಸ್‌ನಲ್ಲಿ (ಕಾಳಿನಷ್ಟು ಪುಟ್ಟ ಮಣಿಗಳು ಇವು) ಗಾತ್ರದ ಅಂಕಿ ದೊಡ್ಡದಾದಷ್ಟೂ ಮಣಿ ಸಣ್ಣದು. 11/0 ಅಂದರೆ ಸುಮಾರು 2 ಮಿ.ಮೀ., 8/0 ಸುಮಾರು 3 ಮಿ.ಮೀ., 6/0 ಸುಮಾರು 4 ಮಿ.ಮೀ. ತೂತು 2.5 ಮಿ.ಮೀ. ಇದ್ದರೆ 11/0, ಮೂರೂವರೆ ಇದ್ದರೆ 8/0. ತಂತಿಗೆ ಸಣ್ಣ ಮಣಿಗಳನ್ನು ಏರಿಸಿ, ಅವುಗಳ ಮೇಲೆ ದೊಡ್ಡ ಮಣಿಯನ್ನು ಜಾರಿಸಿ. ಒಳಗಿನ ಸಾಲು ದೊಡ್ಡ ಮಣಿಯ ಉದ್ದಕ್ಕಿಂತ ಒಂದು ಚೂರೂ ಆಚೆ ಬರಬಾರದು. ಎರಡೂ ತುದಿಗೆ ತೂತಿಗಿಂತ ದೊಡ್ಡದಾದ ಬಿಲ್ಲೆಯನ್ನೋ ಬೀಡ್ ಕ್ಯಾಪನ್ನೋ (ಮಣಿಯ ತುದಿಗೆ ಕೂರುವ ಪುಟ್ಟ ಟೋಪಿ) ಹಾಕಿ. ಮಣಿ ನೇರ ನಿಲ್ಲುತ್ತದೆ, ಅಂದವೂ ಹೆಚ್ಚುತ್ತದೆ. ಮಣಿ ಪಾರದರ್ಶಕವಾಗಿದ್ದರೆ ಒಳಗಿನ ಬಣ್ಣ ಹೊರಗೆ ಕಾಣುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಬೇಕಂತಲೇ ಬಂಗಾರದ ಬಣ್ಣದ ಸಣ್ಣ ಮಣಿ ತುಂಬಿದರೆ ಮಂಕು ಗಾಜಿಗೂ ಒಳಗಿಂದ ಬೆಳಕು ಬರುತ್ತದೆ.

ತೂತು ಸಣ್ಣದಿದ್ದರೆ ಅಥವಾ ಅಂಚು ಚೂಪಿದ್ದರೆ ಬೀಡ್ ರೀಮರ್ ಬೇಕು. ವಜ್ರದ ಪುಡಿ ಹಚ್ಚಿದ, ಮೊನೆಯಾದ ಅರ ಅದು. ಗಾಜು, ಕಲ್ಲಿನ ಮೇಲೆ ಒಣಗಿದ ಹಾಗೇ ಉಜ್ಜಬೇಡಿ. ಮಣಿಯನ್ನೂ ಅರವನ್ನೂ ನೀರಲ್ಲಿ ಅದ್ದಿ, ನಿಧಾನಕ್ಕೆ ತಿರುಗಿಸಿ. ಪುಡಿ ಮೂಗಿಗೆ ಹೋಗಬಾರದು, ಬಿಸಿಯಾಗಿ ಗಾಜು ಸೀಳಬಾರದು. ಎರಡಕ್ಕೂ ನೀರೇ ಕಾವಲು. ಕಣ್ಣಿಗೆ ಕನ್ನಡಕ ಇರಲಿ. ತುಂಬಾ ಬೆಲೆಬಾಳುವ, ಮತ್ತೆ ಸಿಗದ ಮಣಿಯಾದರೆ ತೂತು ದೊಡ್ಡದು ಮಾಡುವ ಸಾಹಸಕ್ಕೆ ಹೋಗದೆ ತೆಳ್ಳನೆ ತಂತಿ ಹುಡುಕುವುದು ಒಳ್ಳೆಯದು.

ಹಂತ 6: ಪೋಣಿಸುವುದು, ಲಾಕ್ ಹಾಕುವುದು

ಭಾರದ ಮಣಿಗೆ ನೈಲಾನ್ ದಾರ ನಂಬಬೇಡಿ. ಕಾಲಕ್ರಮೇಣ ಎಳೆದುಕೊಳ್ಳುತ್ತದೆ, ಚೂಪು ಅಂಚಿಗೆ ಸವೆಯುತ್ತದೆ. ನೈಲಾನ್ ಹೊದಿಕೆಯ ಸ್ಟೀಲ್ ಬೀಡಿಂಗ್ ವೈರ್ ತಗೊಳ್ಳಿ. ಒಳಗೆ 7, 19 ಅಥವಾ 49 ಎಳೆಗಳಿರುತ್ತವೆ. ಎಳೆ ಜಾಸ್ತಿ ಇದ್ದಷ್ಟೂ ತಂತಿ ಮೃದು, ಸರ ಮೈಮೇಲೆ ಚೆನ್ನಾಗಿ ಬೀಳುತ್ತದೆ. ಮಾಮೂಲಿ ಸರಕ್ಕೆ 0.38 ಮಿ.ಮೀ. ಸಾಕು, ದಪ್ಪ ಗಾಜು ಕಲ್ಲುಗಳಿಗೆ 0.48 ಮಿ.ಮೀ. ಇರಲಿ. ಪೋಣಿಸುವ ಉದ್ದಕ್ಕಿಂತ 15 ಸೆಂ.ಮೀ. ಜಾಸ್ತಿ ಕತ್ತರಿಸಿ.

ತಂತಿಯ ಒಂದು ತುದಿಗೆ ಟೇಪ್ ಅಂಟಿಸಿ ಅಥವಾ ಸ್ಪ್ರಿಂಗ್ ಕ್ಲಿಪ್ ಹಾಕಿ. ಹಲಗೆಯಲ್ಲಿ ಜೋಡಿಸಿದ ಕ್ರಮದಲ್ಲೇ ಮಣಿ ಏರಿಸಿ. ಮುಗಿದ ಮೇಲೆ ಇನ್ನೊಂದು ತುದಿಗೂ ಟೇಪ್ ಹಚ್ಚಿ, ಸರವನ್ನು ಕೊರಳಿಗೆ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಬದಲಾಯಿಸುವುದಿದ್ದರೆ ಈಗಲೇ ಬದಲಾಯಿಸಿ. ಕ್ರಿಂಪ್ (ತಂತಿಯ ತುದಿ ಹಿಡಿದಿಡಲು ಇಕ್ಕಳದಿಂದ ಒತ್ತುವ ಪುಟ್ಟ ಲೋಹದ ಮಣಿ) ಒತ್ತಿದ ಮೇಲೆ ಕತ್ತರಿಸದೆ ದಾರಿಯಿಲ್ಲ.

ಈಗ ಕ್ರಿಂಪ್. ಟೇಪ್ ತೆಗೆದು ತಂತಿಗೆ ಒಂದು ಕ್ರಿಂಪ್ ಮಣಿ ಏರಿಸಿ. ಆಮೇಲೆ ಚೈನಿನ ಕೊನೆಯ ಕೊಂಡಿ ಅಥವಾ ಲಾಕಿನ ರಿಂಗ್. ತಂತಿಯನ್ನು ಹಿಂದಕ್ಕೆ ಮಡಿಸಿ ಕ್ರಿಂಪಿನೊಳಗೆ ಮತ್ತೆ ತೂರಿಸಿ, 2–3 ಸೆಂ.ಮೀ. ಮಣಿಗಳೊಳಗೂ ತೂರಿಸಿ. ಕ್ರಿಂಪ್ ಇಕ್ಕಳದಲ್ಲಿ ಎರಡು ಗುಳಿಗಳಿರುತ್ತವೆ. ಮೊದಲು ಹಿಡಿಕೆಯ ಕಡೆಗಿರುವ, ಹಲ್ಲಿನಂಥ ಉಬ್ಬಿರುವ ಗುಳಿಯಲ್ಲಿ ಒತ್ತಿ. ಒತ್ತುವಾಗ ಎರಡು ತಂತಿಗಳೂ ಒಂದರ ಮೇಲೊಂದು ಹೊರಳದೆ ಬೇರೆ ಬೇರೆ ಇರಬೇಕು. ಕ್ರಿಂಪ್ ನಡುವೆ ಬಗ್ಗಿ ಎರಡು ಕಾಲುವೆಯಾಗುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿ ತುದಿಯ ಕಡೆಗಿರುವ ದುಂಡು ಗುಳಿಯಲ್ಲಿ ಒತ್ತಿದರೆ ಮಡಿಸಿಕೊಂಡು ದುಂಡಗಾಗುತ್ತದೆ. ಗಟ್ಟಿಯಾಗಿ ಎಳೆದು ನೋಡಿ. ಸ್ವಲ್ಪ ಜಾರಿದರೂ ಕತ್ತರಿಸಿ ಮತ್ತೆ ಮಾಡಿ.

ಎರಡನೇ ತುದಿ ಮುಚ್ಚುವಾಗ ಸರವನ್ನು ಮೇಜಿನ ಮೇಲೆ ನೇರ ಇಟ್ಟು ಬಿಗಿಯಬೇಡಿ. ಕೊರಳಿನ ಹಾಗೆ ಬಾಗಿಸಿ ಹಿಡಿದು, 1–2 ಮಿ.ಮೀ. ಸಡಿಲ ಬಿಡಿ. ದೊಡ್ಡ ಮಣಿಗಳಿಗೆ ಇದು ಇನ್ನೂ ಮುಖ್ಯ. ಬಿಗಿಯಾದರೆ ಸರ ಕಡ್ಡಿಯ ಹಾಗೆ ನಿಲ್ಲುತ್ತದೆ, ತಂತಿ ಬೇಗ ತುಂಡಾಗುತ್ತದೆ. ಚೂಪು ತೂತಿನ ಮಣಿಯ ಎರಡೂ ಬದಿಗೆ ಒಂದೊಂದು ಸೀಡ್ ಬೀಡ್ ಇದ್ದರೆ ತಂತಿ ಅಂಚಿಗೆ ಉಜ್ಜುವುದು ಕಡಿಮೆಯಾಗುತ್ತದೆ.

ತೂಗುವ ಪದಕ ಅಥವಾ ಓಲೆಯಾದರೆ ಹೆಡ್ ಪಿನ್, ಅಂದರೆ ಒಂದು ತುದಿಗೆ ತಲೆ ಇರುವ ತಂತಿ ಕಡ್ಡಿ. 20 ಗೇಜ್ ಅಂದರೆ 0.8 ಮಿ.ಮೀ., 22 ಗೇಜ್ ಸುಮಾರು 0.64, 24 ಗೇಜ್ ಸುಮಾರು 0.5. ಇಲ್ಲೂ ಅಂಕಿ ಹೆಚ್ಚಾದಷ್ಟು ತಂತಿ ತೆಳು. ಭಾರದ ಮಣಿಗೆ 20 ಗೇಜ್ ಒಳ್ಳೆಯದು, ಅದರ ಮೇಲೂ ಬರೀ ಕುಣಿಕೆ ಸಾಲದು. ಕುಣಿಕೆ ಮಾಡಿ, ಮಿಕ್ಕ ತಂತಿಯನ್ನು ಬುಡಕ್ಕೆ ಎರಡು ಮೂರು ಸುತ್ತು ಸುತ್ತಿ ಕತ್ತರಿಸಿ. ಆಗ ತೆರೆದುಕೊಳ್ಳುವ ಮಾತೇ ಇಲ್ಲ.

ಬ್ರೇಸ್ಲೆಟ್ ಅಳತೆ: ಇಲ್ಲಿ ಬಹಳ ಜನ ತಪ್ಪುತ್ತಾರೆ

ಮಣಿಕಟ್ಟು 16 ಸೆಂ.ಮೀ. ಇದೆ ಅಂತ 17 ಸೆಂ.ಮೀ. ಪೋಣಿಸಿದರೆ ಸಣ್ಣ ಮಣಿಗೇ ಬಿಗಿ, ದಪ್ಪ ಮಣಿಗಂತೂ ಕೈಗೇ ಹತ್ತುವುದಿಲ್ಲ. ಯಾಕೆಂದರೆ ನಾವು ಅಳೆಯುವುದು ತೂತಿನ ಸಾಲನ್ನು, ಮಣಿಕಟ್ಟಿಗೆ ತಾಗುವುದು ಮಣಿಯ ಒಳಗಿನ ಮೈ. ಲೆಕ್ಕ ಸುಲಭ. ಮಣಿಕಟ್ಟಿನ ಸುತ್ತಳತೆಗೆ ಮಣಿಯ ಅಡ್ಡಳತೆಯ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸೇರಿಸಿ. 16 ಸೆಂ.ಮೀ. ಕೈಗೆ 6 ಮಿ.ಮೀ. ಮಣಿಯಾದರೆ ಸುಮಾರು 18 ಸೆಂ.ಮೀ. 16 ಮಿ.ಮೀ. ಮಣಿಯಾದರೆ 21 ಸೆಂ.ಮೀ. ಸಡಿಲ ಬೇಕಿದ್ದರೆ ಇದರ ಮೇಲೆ ಅರ್ಧ ಸೆಂ.ಮೀ.

ಒಂದೇ ದೊಡ್ಡ ಮಣಿ ಇರುವ ಬ್ರೇಸ್ಲೆಟ್‌ಗೆ ಇನ್ನೊಂದು ಕಾಟ ಇದೆ. ಭಾರದಿಂದ ಆ ಮಣಿ ಕೈಯ ಕೆಳಗೆ ತಿರುಗಿಕೊಂಡುಬಿಡುತ್ತದೆ, ಮೇಲೆ ಕಾಣುವುದು ಬರೀ ಲಾಕ್. ಚಪ್ಪಟೆ ಬೆನ್ನಿನ ಮಣಿ ಅಷ್ಟಾಗಿ ತಿರುಗುವುದಿಲ್ಲ. ದುಂಡು ಮಣಿಯೇ ಬೇಕೆಂದರೆ ಅಳತೆ ಬಿಗಿ ಇರಲಿ, ಎದುರಿಗೆ ಸ್ವಲ್ಪ ಭಾರದ ಲಾಕ್ ಹಾಕಿ. ಅಥವಾ ಆ ಮಣಿಯನ್ನೇ ಲಾಕ್ ಮಾಡಿಬಿಡಿ. 12–16 ಮಿ.ಮೀ. ಮಣಿ ಗುಂಡಿಯ ಹಾಗೆ ಒಂದು ತುದಿಗೆ, ಇನ್ನೊಂದು ತುದಿಗೆ ಸೀಡ್ ಬೀಡ್ಸ್ ಕುಣಿಕೆ. 14 ಮಿ.ಮೀ. ಮಣಿಗೆ ಕುಣಿಕೆಯ ಸಾಲು ಸುಮಾರು 5 ಸೆಂ.ಮೀ. ಬೇಕಾಗುತ್ತದೆ. ಸ್ವಲ್ಪ ಒತ್ತಿ ತೂರಿಸುವಷ್ಟು ಬಿಗಿ ಇದ್ದರೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಒಂಟಿ ಮಣಿಗಳ ಓಲೆ

ಜೋಡಿ ಇಲ್ಲ ಅಂತ ಓಲೆ ಆಗುವುದಿಲ್ಲ ಅಂತೇನಿಲ್ಲ. ಎರಡು ಬೇರೆ ಬೇರೆ ಒಂಟಿ ಮಣಿಗಳನ್ನು ಜೋಡಿ ಮಾಡಬಹುದು. ಒಟ್ಟು ಉದ್ದ ಒಂದೇ ಇರಲಿ, ತೂಕದಲ್ಲಿ ಒಂದು ಗ್ರಾಂಗಿಂತ ಜಾಸ್ತಿ ಫರಕು ಬೇಡ. ಎರಡಕ್ಕೂ ಮೇಲೆ ಅದೇ ಸಣ್ಣ ಮಣಿ, ಅದೇ ಕೊಕ್ಕೆ. ಒಂದು ಮಣಿಯ ಬಣ್ಣದ ಸಣ್ಣ ಹರಳನ್ನು ಇನ್ನೊಂದರ ಕೆಳಗೆ, ಇನ್ನೊಂದರದ್ದನ್ನು ಇದರ ಕೆಳಗೆ ಹಾಕಿ. ಒಂದು ದುಂಡು ಇನ್ನೊಂದು ಉದ್ದ ಇದ್ದರೂ ನಡೆಯುತ್ತದೆ. ಒಂದು ದುಂಡು, ಇನ್ನೊಂದು ಒಂಚೂರು ಮಾತ್ರ ಕಡಿಮೆ ದುಂಡು ಇದ್ದರೆ ನಡೆಯುವುದಿಲ್ಲ, ಅಳತೆ ತಪ್ಪಿದ ಹಾಗೆ ಕಾಣುತ್ತದೆ. ಬೇರೆ ಮಾಡುವುದಾದರೆ ಧಾರಾಳವಾಗಿ ಬೇರೆ ಮಾಡಿ.

ಕೊನೆಯ ಪರೀಕ್ಷೆ

ಮುಗಿದ ಒಡವೆಯನ್ನು ಹಾಕಿಕೊಂಡು ಮನೆಯಲ್ಲೇ ಅರ್ಧ ದಿನ ಓಡಾಡಿ. ಬಗ್ಗಿ, ಏಳಿ, ಬಟ್ಟೆ ಮಡಿಸಿ. ಮಣಿ ಮೇಜಿಗೆ ಬಡಿಯುತ್ತದೆಯೇ, ಕೂದಲು ಹಿಡಿಯುತ್ತದೆಯೇ, ಕ್ರಿಂಪ್ ಕತ್ತಿಗೆ ಚುಚ್ಚುತ್ತದೆಯೇ ಅನ್ನುವುದು ಆಗ ಮಾತ್ರ ತಿಳಿಯುತ್ತದೆ. ಚುಚ್ಚಿದರೆ ಕ್ರಿಂಪ್ ಮೇಲೆ ದುಂಡು ಕವರ್ ಹಾಕಿ. ಸರ ತಿರುಗುತ್ತಿದ್ದರೆ ಹಿಂದಿನ ಲಾಕಿಗೆ ಒಂದು ಸಣ್ಣ ಭಾರದ ಮಣಿ ತೂಗುಬಿಡಿ. ಬಗ್ಗಿದಾಗ ಗುಂಡು ಮುಂದಕ್ಕೆ ಬಂದು ಮೇಜಿಗೆ ತಗಲುತ್ತಿದ್ದರೆ ಸರ ಉದ್ದವಾಯಿತು. ಎರಡೂ ಬದಿಯ ಚೈನಿನಿಂದ 2 ಸೆಂ.ಮೀ. ತೆಗೆಯಿರಿ, ಮಣಿಗಳ ತಂತಿ ಮುಟ್ಟುವುದೇ ಬೇಡ. ಹಿಂಭಾಗಕ್ಕೆ ಚೈನ್ ಹಾಕಿ ಅಂದದ್ದಕ್ಕೆ ಇದೂ ಒಂದು ಕಾರಣ.